ಕಂಬಳಿ ಬೂಟು

ಬೂಟಿನ ಅಟ್ಟೆ ಸವೆದಿತ್ತು. ನನಗೆ ಸಿಟ್ಟು ಬಂದದ್ದು ಅದಕ್ಕೇ.

ಅಂಗೈಯಷ್ಟೂ ಉದ್ದವಿಲ್ಲದ ಪುಟ್ಟ ಚರ್ಮದ ಬೂಟುಗಳು ಅವು. ನಮ್ಮ ಆಸ್ಪತ್ರೆಯ ಕಾರ್ಯಾಗಾರದಲ್ಲೇ ಹೊಲಿಸಿದ್ದೆ. ಅವನ್ನು ಹಾಕಿಕೊಂಡು ಮಗು ನಡೆಯಬೇಕಾಗಿರಲಿಲ್ಲ, ಮಲಗಬೇಕಾಗಿತ್ತು. ಮಲಗುವ ಬೂಟಿನ ಅಟ್ಟೆ ಸವೆಯುವುದು ಹೇಗೆ? ಹೊಲಿಗೆಯ ಸಂದಿನಲ್ಲೆಲ್ಲ ಕೆಂಪು ಮಣ್ಣು ಸೇರಿಕೊಂಡಿತ್ತು. ಒಂದರ ತಳಕ್ಕೆ ಒಣಗಿದ ಕುರಿ ಹಿಕ್ಕೆ ಅಂಟಿತ್ತು. ಅವನ್ನು ಸೆರಗಿನಲ್ಲಿ ಸುತ್ತಿ ತಂದಿದ್ದ ತಾಯಿ ಬೆಂಚಿನ ತುದಿಯಲ್ಲಿ ಕೂತು, ಶಹಬ್ಬಾಸ್ ಅನ್ನಿಸಿಕೊಳ್ಳಲು ಕಾಯುತ್ತಿರುವವಳಂತೆ ನನ್ನ ಮುಖವನ್ನೇ ನೋಡುತ್ತಿದ್ದಳು.

"ದಿನಾ ಆಕ್ತೀವಿ ಸಾಮಿ. ಒಂದಿನಾನೂ ಬುಟ್ಟಿಲ್ಲ," ಎಂದಳು.

ಅವಳ ತೊಡೆಯ ಮೇಲಿದ್ದ ಹೆಣ್ಣು ಮಗುವಿನ ಎಡಪಾದ ಮತ್ತೆ ಒಳಕ್ಕೆ ತಿರುಗಿಕೊಂಡಿತ್ತು. ತಿಂಗಳುಗಟ್ಟಲೆ ಪಟ್ಟು ಹಿಡಿದು ನೆಟ್ಟಗೆ ಮಾಡಿದ್ದ ಪಾದ ಅದು. ನಾನು ಬೂಟನ್ನು ಮೇಜಿನ ಮೇಲೆ ಕುಕ್ಕಿದೆ. ಪ್ಲಾಸ್ಟರ್ ಕೋಣೆಯ ಹಿರಿಯ ಸಿಸ್ಟರ್ ಬಾಗಿಲಲ್ಲಿ ಕಾಣಿಸಿಕೊಂಡು, "ಕೋಪಂ ವೇಂಡಾಂ, ಡಾಕ್ಟರ್," ಎಂದರು. ಕೋಪ ಬೇಡವೆಂದು ದಿನಕ್ಕೊಂದು ಸಲವಾದರೂ ಅವರು ನನಗೆ ಹೇಳುತ್ತಿದ್ದರು. ನಾನು ಒಂದು ದಿನವೂ ಕೇಳಿದವನಲ್ಲ.

ಇದು ಎಪ್ಪತ್ತರ ದಶಕದ ಮೊದಲ ಭಾಗದ ಮಾತು. ಸೇಲಂ ಊರಾಚೆಯ ಒಂದು ಧರ್ಮಾಸ್ಪತ್ರೆಯಲ್ಲಿ ನಾನು ಮೂಳೆ ಡಾಕ್ಟರು. ಅದಕ್ಕೆ ಮುಂಚೆ ದೇಶದ ಪೂರ್ವದ ಗಡಿಯಲ್ಲಿ ನಿರಾಶ್ರಿತರ ಶಿಬಿರಗಳಲ್ಲಿ ಕೆಲಸ ಮಾಡಿದ್ದೆ. ಅಲ್ಲಿ ನನ್ನ ಕೈಗೆ ಬರುತ್ತಿದ್ದದ್ದು ಉಳಿಸಲಾಗದ ಕಾಲುಗಳು. ಗರಗಸ ಹಿಡಿದೂ ಹಿಡಿದೂ ನನಗೆ ನನ್ನ ವಿದ್ಯೆಯ ಮೇಲೇ ಜಿಗುಪ್ಸೆ ಬಂದುಬಿಟ್ಟಿತ್ತು. ಇನ್ನು ಮೇಲೆ ಕಾಲು ತೆಗೆಯುವ ಕೆಲಸ ಬೇಡ, ಕಾಲು ಕೊಡುವ ಕೆಲಸವಿದ್ದರೆ ಹೇಳಿ ಎಂದು ಕಂಡಕಂಡವರಿಗೆಲ್ಲ ಹೇಳಿಕೊಂಡು ತಿರುಗಿದೆ. ಸೇಲಂನವರು ಕರೆದರು. ಇಲ್ಲಿ ಹುಟ್ಟುತ್ತಲೇ ಪಾದ ಸೊಟ್ಟಗಾದ ಮಕ್ಕಳು ಬಹಳ ಬರುತ್ತಾರೆ, ನೋಡಿಕೊಳ್ಳುವವರಿಲ್ಲ ಎಂದರು. ನಾನು ಮೈಸೂರು ಕಡೆಯವನಾದ್ದರಿಂದ ತಮಿಳು ಹೇಗಪ್ಪಾ ಎಂಬ ಅಳುಕಿತ್ತು. ಬಂದು ನೋಡಿದರೆ ಧರ್ಮಪುರಿ, ಮೆಟ್ಟೂರು ಕಡೆಯ ಹಳ್ಳಿಗಳಿಂದ ಬರುವವರಲ್ಲಿ ಅರ್ಧ ಜನ ನನ್ನ ಕೋಣೆಯೊಳಗೆ ಬಂದ ಕೂಡಲೇ ಕನ್ನಡಕ್ಕೆ ಇಳಿಯುತ್ತಿದ್ದರು. ಅವರ ಕನ್ನಡದಲ್ಲಿ ಅರ್ಧ ತಮಿಳು, ನನ್ನ ತಮಿಳಿನಲ್ಲಿ ಮುಕ್ಕಾಲು ಕನ್ನಡ. ಹಾಗಾಗಿ ಸಲೀಸಾಗಿ ನಡೆಯಿತು.

ಈ ಸೊಟ್ಟಪಾದದ ವಿಷಯ ಸ್ವಲ್ಪ ಹೇಳಬೇಕು. ಮಗು ಹುಟ್ಟುವಾಗಲೇ ಪಾದ ಒಳಕ್ಕೆ ಮಡಚಿಕೊಂಡಿರುತ್ತದೆ, ಅಂಗಾಲು ಆಕಾಶ ನೋಡುತ್ತಿರುತ್ತದೆ, ಹಿಮ್ಮಡಿ ಮೇಲಕ್ಕೆ ಎಳೆದುಕೊಂಡಿರುತ್ತದೆ. ಹಾಗೇ ಬಿಟ್ಟರೆ ಆ ಮಗು ಬೆಳೆದು ಪಾದದ ಹೊರ ಅಂಚನ್ನೂರಿ ನಡೆಯುತ್ತದೆ. ಹಿಮ್ಮಡಿ ಜನ್ಮದಲ್ಲಿ ನೆಲ ಮುಟ್ಟುವುದಿಲ್ಲ. ಹಸುಗೂಸಿನ ಎಲುಬು ಮೆತ್ತಗಿರುವಾಗಲೇ ವಾರವಾರವೂ ಸ್ವಲ್ಪ ಸ್ವಲ್ಪ ತಿರುಗಿಸಿ ಪ್ಲಾಸ್ಟರ್ ಕಟ್ಟಿದರೆ ಪಾದ ದಾರಿಗೆ ಬರುತ್ತದೆ. ಆದರೆ ಅದು ಬಹಳ ಹಟಮಾರಿ. ಪ್ಲಾಸ್ಟರ್ ಬಿಚ್ಚಿದ ಮೇಲೂ ಮೂರು ನಾಲ್ಕು ವರ್ಷ ಕಾವಲಿಡಬೇಕು. ಅದಕ್ಕೆ ಎರಡು ಬೂಟುಗಳನ್ನು ಒಂದು ಕಬ್ಬಿಣದ ಪಟ್ಟಿಗೆ ತಿರುಪು ಹಾಕಿ ಬಿಗಿದು, ಮಗು ಮಲಗುವಾಗ ತೊಡಿಸಬೇಕು. ಪಟ್ಟಿಯಿದ್ದರೇ ಪಾದ ಹೊರಮುಖವಾಗಿ ನಿಲ್ಲುವುದು. ಬರೀ ಬೂಟಿನಿಂದ ಮೂರು ಕಾಸಿನ ಪ್ರಯೋಜನವಿಲ್ಲ.

ಈ ಮಗು ನನ್ನ ಹತ್ತಿರ ಬಂದಾಗ ಬಾಣಂತನದ ಎಣ್ಣೆ ವಾಸನೆ ಇನ್ನೂ ಅದರ ಮೈಮೇಲಿತ್ತು. ಅದಿಯಮಾನ್‌ಕೋಟೆಯಿಂದ ಒಳಕ್ಕೆ ಬಂಡಿ ಜಾಡಿನಲ್ಲಿ ಹೋಗಬೇಕಾದ ಒಂದು ಹಳ್ಳಿ, ಕುರಿ ಸಾಕುವವರ ಮನೆ. ಅಪ್ಪ ವರ್ಷದ ಬಹುಪಾಲು ಮಂದೆಯ ಹಿಂದೆ, ಯಾರ ಯಾರದೋ ಹೊಲದಲ್ಲಿ. ತಾಯಿ, ಅಜ್ಜಿ ಮನೆಯಲ್ಲಿ. ಮೊದಲ ದಿನ ತಾಯಿ ಕೇಳಿದ ಪ್ರಶ್ನೆ ನನಗೆ ಇವತ್ತಿಗೂ ನೆನಪಿದೆ. ಮಗು ನಡೆಯುತ್ತದಾ ಎಂದು ಎಲ್ಲರೂ ಕೇಳುತ್ತಾರೆ. ಅವಳು ಹಾಗೆ ಕೇಳಲಿಲ್ಲ.

"ಓಡ್ತಾಳಾ ಸಾಮಿ? ನಡೆಯೋದು ಎಂಗೋ ನಡೀತಾಳೆ. ಕುರಿ ಇಂದೆ ಓಡೋಕೆ ಆಗ್ದಿದ್ರೆ ನಮ್ಮನೇಲಿ ಇವ್ಳು ಏನ್ ಮಾಡ್ತಾಳೆ? ಒಬ್ರ ಕೈ ನೋಡ್ಕೊಂಡೇ ಕುಂತಿರಬೇಕಾಯ್ತದೆ."

"ಓಡ್ತಾಳೆ," ಎಂದುಬಿಟ್ಟೆ. ಡಾಕ್ಟರಾದವನು ಹಾಗೆ ಮಾತು ಕೊಡಬಾರದು. ಕೊಟ್ಟಾಗಿತ್ತು.

ಅವಳು ವಾರ ತಪ್ಪಿಸಲಿಲ್ಲ. ಹೆದ್ದಾರಿಯಲ್ಲಿ ನಿಂತು ಸಿಕ್ಕಿದ ಲಾರಿಗೆ ಕೈ ಅಡ್ಡ ಹಾಕಿ ಬರುತ್ತಿದ್ದಳು. ಶಂಕಗಿರಿ ಕಡೆಯ ಲಾರಿ ಡ್ರೈವರುಗಳು ಮಗುವಿನ ಕಾಲಿನ ಪ್ಲಾಸ್ಟರ್ ನೋಡಿ ಮುಂದಿನ ಸೀಟಿನಲ್ಲಿ ಜಾಗ ಮಾಡಿಕೊಡುತ್ತಿದ್ದರಂತೆ. ಪಾದ ನೆಟ್ಟಗಾಯಿತು. ಬೂಟು ಕೊಟ್ಟೆ, ತೊಡಿಸಿ ತೋರಿಸಿದೆ, ಮಲಗುವಾಗ ತಪ್ಪದೆ ಹಾಕಬೇಕು ಎಂದು ಕನ್ನಡದಲ್ಲಿ ಒಂದು ಸಲ, ಸಿಸ್ಟರು ತಮಿಳಿನಲ್ಲಿ ಒಂದು ಸಲ ಹೇಳಿದೆವು. ಅವಳು ತಲೆಯಾಡಿಸಿದಳು. ಆಮೇಲೆ ಮಳೆ, ಕುರಿ ರೋಗ, ಅದು ಇದು ಎಂದು ತಿಂಗಳುಗಳೇ ಕಳೆದು, ಮಗು ಗೋಡೆ ಹಿಡಿದು ನಿಲ್ಲುವ ವಯಸ್ಸಿಗೆ ಈ ಸವೆದ ಅಟ್ಟೆ ನನ್ನ ಮೇಜಿಗೆ ಬಂದಿತ್ತು.

"ಮಲಗುವಾಗ ಹಾಕಿದರೆ ಅಟ್ಟೆ ಹೇಗಮ್ಮ ಸವೆಯುತ್ತೆ?" ಎಂದು ಕೂಗಿದೆ.

ಅವಳು ಹೆದರಿ ಮಗುವನ್ನು ಅವಚಿಕೊಂಡಳು. ಸಿಸ್ಟರು ಬಂದು ಪಕ್ಕದಲ್ಲಿ ಕೂತು ಮೆಲ್ಲಗೆ ಕೇಳಿದ ಮೇಲೆ ಬಾಯಿ ಬಿಟ್ಟಳು. "ಒತ್ತು ಮುಳುಗಿದ ಮ್ಯಾಲೆ ಅಜ್ಜಿ ಆಕೋಕೆ ಬುಡಲ್ಲ. ಅದ್ಕೇ ಅಗಲೊತ್ತೆಲ್ಲ ಆಚೆ ಬೀದೀಲಿ ಆಕಿದ್ವಿ. ರಾತ್ರಿ ತಪ್ಪಿದ್ದು ಅಗ್ಲು ಸರಿ ಓಗ್ತೈತಲ್ಲಾ ಅಂತ."

"ಅದನ್ನು ನನಗೆ ಯಾಕೆ ಹೇಳಲಿಲ್ಲ?"

"ದೊಡ್ಡೋರು ನೀವು. ಆಗಲ್ಲ ಅಂತ ಎದ್ರುಗೆ ಎಂಗೆ ಏಳೋದು?"

ತಲೆ ತಲೆ ಚಚ್ಚಿಕೊಳ್ಳಬೇಕೆನ್ನಿಸಿತು. ಮದ್ದು ಬೂಟಿನೊಳಗಿದೆ, ಯಾವ ಹೊತ್ತಿಗೆ ತೊಟ್ಟರೂ ಕಾಲಿಗೆ ಇಳಿಯುತ್ತದೆ ಎಂದು ಪಾಪ ನಂಬಿದ್ದಳು. ಮಗುವನ್ನು ನಿಲ್ಲಿಸಿ ಓಡಾಡಿಸಲು ಪಟ್ಟಿ ಅಡ್ಡವಾಗುತ್ತದೆಂದು ತಿರುಪು ಬಿಚ್ಚಿ ಅದನ್ನೂ ತೆಗೆದಿಟ್ಟಿದ್ದರು. ಮತ್ತೆ ವಾರವಾರದ ಪ್ಲಾಸ್ಟರ್ ಶುರು ಮಾಡುತ್ತೇನೆ ಎಂದೆ. ಈ ಸಲವೂ ಪಾದ ತಿರುಗಿದರೆ ಎಲುಬು ಕತ್ತರಿಸಿ ಕೂರಿಸಬೇಕಾಗುತ್ತದೆ, ಆಮೇಲೆ ಆ ಕಾಲು ಮರದ ಹಾಗೆ ಬಿಗಿಯಾಗುತ್ತದೆ, ನಡೆದಾಳು, ಓಡಲಾರಳು ಎಂದೂ ಹೇಳಿದೆ. ಅವಳು ಮಗುವಿನ ತಲೆಯ ಮೇಲೆ ಗದ್ದವೂರಿ ಅತ್ತಳು. ನನ್ನ ಸಿಟ್ಟೆಲ್ಲ ಅಜ್ಜಿಯ ಕಡೆ ತಿರುಗಿತು. ಆ ಮುದುಕಿಯನ್ನು ನೋಡಿಯೇ ಬಿಡೋಣ ಎಂದು ಅದೇ ವಾರ ಆಸ್ಪತ್ರೆಯ ಜೀಪು ತೆಗೆಸಿದೆ. ನಾನು ಬಾಯಿ ಜೋರು ಮಾಡಿದರೆ ತಡೆಯಲು ಸಿಸ್ಟರು ತಾವಾಗಿಯೇ ಹಿಂದಿನ ಸೀಟು ಹತ್ತಿದರು.

ಹಳ್ಳಿಯ ಅಂಚಿನಲ್ಲಿ ಮನೆ. ಮನೆಗೆ ಅಂಟಿಕೊಂಡೇ ಮುಳ್ಳುಬೇಲಿಯ ರೊಪ್ಪ, ಅಂದರೆ ಕುರಿ ಕೂಡುವ ದೊಡ್ಡಿ. ಅದನ್ನು ದಾಟಿಯೇ ಮನೆ ಬಾಗಿಲಿಗೆ ಹೋಗಬೇಕು. ನಾನು ರೊಪ್ಪದ ಬಾಗಿಲು ತಳ್ಳಿ ಒಂದು ಕಾಲು ಒಳಗಿಟ್ಟೆನೋ ಇಲ್ಲವೋ, "ಮೆಟ್ಟು! ಮೆಟ್ಟು ಬುಡು ಸಾಮಿ!" ಎಂದು ಒಂದು ದನಿ ಬಂತು. ಬೇವಿನ ಮರದಡಿ ಕಂಬಳಿ ನೇಯುವ ನೂಲಿನ ಹಾಸನ್ನು ಉದ್ದಕ್ಕೆ ಎಳೆದು ಕಟ್ಟಿ, ಅದಕ್ಕೆ ಕುಂಚದಿಂದ ಏನೋ ಬಳಿಯುತ್ತಿದ್ದ ಮುದುಕಿ ಕುಂಚ ಎತ್ತಿ ಹಿಡಿದು ನನ್ನ ಪಾದರಕ್ಷೆ ತೋರಿಸುತ್ತಿದ್ದಳು. ಕುರಿ ಲಕ್ಷ್ಮಿಯಿದ್ದ ಹಾಗೆ, ಅದು ಮಲಗುವ ಜಾಗಕ್ಕೆ ಮೆಟ್ಟು ಹಾಕಿಕೊಂಡು ಯಾರೂ ಕಾಲಿಡಬಾರದು. ನನ್ನವು ಲೇಸಿನ ಶೂ. ಜಗಳಕ್ಕೆ ಬಂದವನು ಒಂಟಿ ಕಾಲಲ್ಲಿ ಕುಪ್ಪಳಿಸುತ್ತ ಲೇಸು ಬಿಚ್ಚುತ್ತ ನಿಂತರೆ ಜಗಳಕ್ಕೆ ಯಾವ ಕಳೆ ಉಳಿಯುತ್ತದೆ? ಸಿಸ್ಟರು ಸೆರಗು ಬಾಯಿಗೆ ಅಡ್ಡ ಹಿಡಿದು ನಗುತ್ತಿದ್ದರು. ಸಾಲದ್ದಕ್ಕೆ ಬಾಗಿಲು ಮುಚ್ಚಲು ಹೋದಾಗ ಅಗುಳಿ ಕೈಗೆ ಸಿಕ್ಕಿತು. ಎಲ್ಲೋ ನೋಡಿದ ಕಬ್ಬಿಣ. ಎರಡು ತುದಿಗೂ ತಿರುಪಿನ ತೂತು. ನಾನು ಅಳತೆ ಕೊಟ್ಟು ಮಾಡಿಸಿದ ಪಟ್ಟಿ ಕುರಿ ಕಾಯುತ್ತಿತ್ತು.

ಮನೆಯೆಂದರೆ ಒಂದೇ ಕೋಣೆ. ಮೂಲೆಯಲ್ಲಿ ಕಂಬಳಿ ಮಡಿಸಿ ಹಾಸಿ ಅದರ ಮೇಲೆ ಮನೆದೇವರನ್ನು ಕೂರಿಸಿದ್ದರು. ದೇವರ ಮುಂದೆಯೇ ಅಜ್ಜಿಯ ಹಾಸಿಗೆ, ಅಜ್ಜಿಯ ಮಗ್ಗುಲಲ್ಲಿ ಮಗು. ನನಗೂ ಒಂದು ಕಂಬಳಿ ಹಾಸಿದರು.

"ಕೂಸು ದೇವ್ರ ಮುಂದೆ ಮಲಗ್ತೈತೆ. ಅಲ್ಲಿಗೆ ತೊಗಲಿನ ಮೆಟ್ಟು ತರೋಕಾಯ್ತದಾ? ನೀವೇ ಏಳಿ," ಎಂದಳು ಅಜ್ಜಿ. ದನಿಯಲ್ಲಿ ಜಗಳವಿರಲಿಲ್ಲ. ಇಷ್ಟು ಓದಿದವನಿಗೆ ಇಷ್ಟೂ ತಿಳಿಯದೇ ಎಂಬ ಕನಿಕರವಿತ್ತು.

ಗೋಡೆಗೆ ಡೊಳ್ಳು ತೂಗುಹಾಕಿತ್ತು. ಸಿಕ್ಕಿಬಿದ್ದಳು ಎಂದುಕೊಂಡೆ. "ಅದೇನು? ಅದೂ ತೊಗಲಲ್ಲವೇ?"

"ಡೊಳ್ಳು ಯಾರಾದ್ರೂ ಕಾಲ್ಗೆ ಆಕ್ಕೊಂತಾರಾ ಸಾಮಿ?"

ಸಿಸ್ಟರಿಗೆ ಕನ್ನಡ ಅಷ್ಟಾಗಿ ಬಾರದಿದ್ದರೂ ಈ ಮಾತು ಚೆನ್ನಾಗಿಯೇ ತಿಳಿಯಿತು. ಅವರು ಜೋರಾಗಿ ನಕ್ಕರು. ಅಜ್ಜಿಯೂ ನಕ್ಕಳು. ನಾನೂ ನಗಬೇಕಾಯಿತು. ಮಗುವನ್ನು ಬೇರೆಡೆ ಮಲಗಿಸಬಾರದೇ ಎಂದರೆ ಬೇರೆ ಎಡೆಯೇ ಇರಲಿಲ್ಲ. ಹೊರಗೆ ರೊಪ್ಪ, ಅಲ್ಲಿಯೂ ಮೆಟ್ಟಿಗೆ ಜಾಗವಿಲ್ಲ.

ಮಗು ನಿದ್ದೆಗೆ ಜಾರುತ್ತಿತ್ತು. ಅಜ್ಜಿ ಅದನ್ನು ಹಾಸಿಗೆಯ ಮೇಲಿಟ್ಟು, ಕಂಬಳಿಯ ತುದಿ ಎಳೆದು ಪ್ಲಾಸ್ಟರ್ ಕಟ್ಟಿದ ಕಾಲಿಗೂ ಬರಿಯ ಕಾಲಿಗೂ ಬೆಚ್ಚಗೆ ಸುತ್ತಿದಳು. ನಾನು ಅದನ್ನೇ ನೋಡುತ್ತ ಕೂತೆ. ದೇವರು ಕೂತದ್ದು ಕಂಬಳಿಯ ಮೇಲೆ, ನಾನು ಕೂತದ್ದು ಕಂಬಳಿಯ ಮೇಲೆ, ಮಗುವಿನ ಎರಡು ಪಾದಗಳೂ ದೇವರಿಂದ ಮಾರು ದೂರದಲ್ಲಿ ಕಂಬಳಿಯೊಳಗೆ.

"ಅಜ್ಜಿ, ಬೂಟನ್ನ ಕಂಬಳೀಲಿ ಮಾಡಿದ್ರೆ?"

ಮೂಲೆಯ ದೇವರನ್ನು ನೋಡಿದಳು, ಮಗುವನ್ನು ನೋಡಿದಳು. ತಾಯಿ ಬಾಗಿಲ ಬಳಿ ಕಾಯುತ್ತ ನಿಂತಿದ್ದಳು.

"ಉಣ್ಣೆ ಆದ್ರೆ ಅದು ಒದಿಕೆ," ಎಂದಳು ಕೊನೆಗೆ. "ಒದಿಕೆ ಬೇಡ ಅನ್ನಲ್ಲ. ಆದ್ರೆ ಒಂದು. ಅದನ್ನ ಆಕ್ಕೊಂಡು ನೆಲ ತುಳೀಬಾರ್ದು. ನೆಲ ತುಳಿದ್ರೆ ಅದೂ ಮೆಟ್ಟೇ ಆಯ್ತದೆ. ಮಲಗ್ದಾಗ ಮಾತ್ರ ಆಕ್ಬೇಕು, ಎದ್ದ ಕೂಡ್ಲೇ ಬಿಚ್ಚಿ ಮ್ಯಾಲೆ ಇಡ್ಬೇಕು. ಸರಿಯಾ?"

ಸರಿಯಾ ಅಂತೆ! ನಾನೂ ಸಿಸ್ಟರೂ ಎರಡು ಭಾಷೆಯಲ್ಲಿ ಗಂಟಲು ಹರಿದುಕೊಂಡು ಹೇಳಿದ್ದ ಮಾತನ್ನೇ ಅವಳು ನನಗೆ ಷರತ್ತು ಹಾಕುತ್ತಿದ್ದಳು. ಸರಿ, ಸರಿ ಎಂದೆ. ಕಬ್ಬಿಣದ ಪಟ್ಟಿ ಒಳಗೆ ಬರಬಹುದೇ ಎಂದು ಹೆದರುತ್ತಲೇ ಕೇಳಿದೆ. ಅದು ಬಂದರೆ ಒಳ್ಳೆಯದೇ, ಕೂಸಿಗೆ ಗಾಳಿ ಸೋಕುವುದಿಲ್ಲ ಎಂದಳು. ಆದರೆ ರೊಪ್ಪದ ಬಾಗಿಲಿಗೆ ಬೇರೆ ಅಗುಳಿ ಬೇಕಲ್ಲ ಎಂದು ಚಿಂತಿಸಿದಳು. ಅದಕ್ಕೂ ಒಪ್ಪಿಕೊಂಡೆ.

ಒಪ್ಪಿಕೊಂಡದ್ದೇನೋ ಸರಿ, ಕಂಬಳಿ ಮೆತ್ತಗಿನ ವಸ್ತು. ಹಟಮಾರಿ ಪಾದವನ್ನು ಅದು ಹಿಡಿದು ನಿಲ್ಲಿಸುವುದು ಹೇಗೆ ಎಂದು ಯೋಚಿಸುತ್ತ ಹೊರಗೆ ಬಂದು ಶೂಗಳಿಗೆ ಲೇಸು ಕಟ್ಟುತ್ತಿದ್ದೆ. ಎದುರಿಗೇ ಅಜ್ಜಿಯ ಹಾಸು ಬಿಸಿಲಿಗೆ ಒಣಗುತ್ತಿತ್ತು. ಬೆರಳಿನಿಂದ ಒತ್ತಿ ನೋಡಿದೆ, ಸೆಟೆದುಕೊಂಡಿತ್ತು. ಅವಳು ಬಳಿಯುತ್ತಿದ್ದದ್ದು ಹುಣಸೆಬೀಜ ಅರೆದು ಕಾಸಿದ ಅಂಟು. ನೂಲು ಬಿಗಿಯಾಗಲೆಂದು ಕಂಬಳಿ ನೇಯುವವರೆಲ್ಲ ಬಳಿಯುತ್ತಾರೆ. ನಾನು ದಿನವೂ ಮಾಡುತ್ತಿದ್ದದ್ದೂ ಅದೇ ತಾನೆ, ಮೆತ್ತನೆಯ ಬಟ್ಟೆಗೆ ಏನನ್ನೋ ಮೆತ್ತಿ ಗಟ್ಟಿ ಮಾಡುವುದು. ಅಲ್ಲೇ ನಿಂತು ಅಜ್ಜಿಯಿಂದ ಒಂದು ಮಡಕೆ ಅಂಟು, ಒಂದು ಹಳೆಯ ಕಂಬಳಿ ಇಸಿದುಕೊಂಡೆ. ಜೀಪಿನಲ್ಲಿ ಸೇಲಂವರೆಗೂ ಸಿಸ್ಟರು ಆ ಮಡಕೆಯನ್ನು ತೊಡೆಯ ಮೇಲೆ ಹಿಡಿದುಕೊಂಡು ಬಂದರು, ದಾರಿಯುದ್ದಕ್ಕೂ ನನ್ನನ್ನು ಬೈದುಕೊಂಡು.

ಕಾರ್ಯಾಗಾರದಲ್ಲಿ ಬೂಟು ಹೊಲಿಯುವವರು, ಜೀವಮಾನವೆಲ್ಲ ಚರ್ಮ ಹೊಲಿದವನಿಗೆ ಈಗ ಕಂಬಳಿ ಹೊಲಿ ಅನ್ನುತ್ತೀರಲ್ಲ ಎಂದು ಎರಡು ದಿನ ಮುನಿಸಿಕೊಂಡರು. ಆಮೇಲೆ ಹೊಲಿದರು. ಎರಡನೆಯ ಸಲದ ಪ್ಲಾಸ್ಟರುಗಳು ಮುಗಿದು ಪಾದ ಮತ್ತೆ ನೆಟ್ಟಗಾದ ಮೇಲೆ ತೊಡಿಸಿ ನೋಡಿದೆವು. ಮೊದಲ ಜೊತೆ ಕೆಟ್ಟಿತು. ಎರಡು ಪದರ ಸಾಲದೆ ಹಿಮ್ಮಡಿ ಮೇಲಕ್ಕೆ ಜಾರಿ, ಮಗುವಿಗೆ ಬೊಬ್ಬೆ ಬಂತು. ನನಗೆ ಒಂದು ವಾರ ಊಟ ರುಚಿಸಲಿಲ್ಲ. ಮುಂದಿನ ಜೊತೆಗೆ ಇನ್ನಷ್ಟು ಪದರ ಸೇರಿಸಿ, ಒಂದೊಂದಕ್ಕೂ ಅಂಟು ಬಳಿದು ಒಣಗಿಸಿ, ತಳಕ್ಕೆ ತೆಳುವಾದ ಮರದ ಅಟ್ಟೆ ಹಾಕಿ ಅದಕ್ಕೆ ಕಬ್ಬಿಣದ ಪಟ್ಟಿ ಬಿಗಿದು, ಒಳಗೆ ಹಳೆಯ ಸೀರೆಯ ಮೆತ್ತೆ ಕೊಟ್ಟೆವು. ಹಿಮ್ಮಡಿಯ ಹತ್ತಿರ ಒಂದು ಸಣ್ಣ ಕಿಟಕಿ ಕೊರೆಸಿದೆ. ತೊಡಿಸಿದ ಮೇಲೆ ಆ ಕಿಟಕಿಯಲ್ಲಿ ಹಿಮ್ಮಡಿ ಕೆಳಗೆ ಕೂತದ್ದು ಕಾಣಬೇಕು, ಕಾಣದಿದ್ದರೆ ಬಿಚ್ಚಿ ಮತ್ತೆ ಕಟ್ಟಬೇಕು ಎಂದು ತಾಯಿಗೆ ತೋರಿಸಿದೆ.

"ಇಮ್ಮಡಿ ಕಾಣ್ದೆ ನಾನು ಮಲಗಲ್ಲ ಸಾಮಿ," ಎಂದಳು.

ಇನ್ನು ಕಾಯುವುದೊಂದೇ. ಮುಂದಿನ ತಪಾಸಣೆಯ ದಿನ ಅವಳು ಒಳಗೆ ಬಂದಾಗ ನಾನು ಮಗುವಿನ ಕಾಲು ನೋಡಲಿಲ್ಲ, ಧೈರ್ಯವಾಗಲಿಲ್ಲ. ಮೊದಲು ಬೂಟು ಕೊಡಮ್ಮ ಎಂದೆ. ತಿರುಗಿಸಿ ನೋಡಿದೆ. ಮರದ ಅಟ್ಟೆಗೆ ಒಂದು ಗೀರಿಲ್ಲ, ಒಂದು ಕಣ ಮಣ್ಣಿಲ್ಲ. ಒಳಗಿನ ಸೀರೆ ಬಟ್ಟೆ ಮಾತ್ರ ಪುಟ್ಟ ಪಾದದ ಅಚ್ಚಿಗೆ ಸರಿಯಾಗಿ ಸವೆದಿತ್ತು. ಸಿಸ್ಟರಿಗೆ ಎತ್ತಿ ತೋರಿಸಿದೆ. ನನಗೆ ಆ ದಿನ ಆದ ಸಂತೋಷ ಯಾವ ದೊಡ್ಡ ಶಸ್ತ್ರಚಿಕಿತ್ಸೆ ಗೆದ್ದಾಗಲೂ ಆಗಿರಲಿಲ್ಲ. ಪಾದ ಇದ್ದಲ್ಲೇ ಇತ್ತು.

ಅದಾದ ಮೇಲೆ ಕುರಿ ಸಾಕುವ ಮನೆಗಳಿಂದ ಬಂದವರು ತಾವೇ ಕಂಬಳಿ ತುಂಡು ತರತೊಡಗಿದರು. ತಾರಮಂಗಲಂ ಕಡೆಯ ಒಬ್ಬ ರೈತನಂತೂ, ನಮಗೇನು ಕಡಿಮೆ, ನನ್ನ ಮಗನಿಗೆ ಚರ್ಮದ್ದೇ ಬೇಕು ಎಂದು ಕೂತ. ಕೊಟ್ಟೆವು. ಬೂಟು ಹೊಲಿಯುವವರ ಮುಖ ಅವತ್ತು ಅರಳಿತ್ತು. ಮಗು ದೊಡ್ಡದಾದ ಹಾಗೆಲ್ಲ ಅಜ್ಜಿ ಹೊಸ ಕಂಬಳಿ ತುಂಡು ಕಳಿಸುತ್ತಿದ್ದಳು. ನಾಲ್ಕನೆಯ ವರ್ಷಕ್ಕೆ, ಇನ್ನು ಬೂಟು ಬೇಡ, ತಪಾಸಣೆಗೂ ಬರಬೇಕಾಗಿಲ್ಲ ಎಂದೆ. ತಾಯಿ ನಂಬದೆ ಎರಡೆರಡು ಸಲ ಕೇಳಿಕೊಂಡು ಹೋದಳು. ಆ ಮಗು ಆಸ್ಪತ್ರೆಯಲ್ಲಿ ಹುಡುಗಾಟ ಮಾಡುತ್ತಿರಲಿಲ್ಲ, ತಾಯಿಯ ಸೆರಗು ಬಿಡುತ್ತಿರಲಿಲ್ಲ. ನಮ್ಮ ಸಿಮೆಂಟು ನೆಲದ ಮೇಲೆ ಎರಡು ಹೆಜ್ಜೆ ನಡೆದು ತೋರಿಸುವುದೇ ಹೆಚ್ಚು. ಹಾಗಾಗಿ ನಾನು ಮೊದಲ ದಿನ ಕೊಟ್ಟ ಮಾತು ನಿಂತಿತೋ ಇಲ್ಲವೋ ನನಗೇ ಗೊತ್ತಿರಲಿಲ್ಲ.

ಆ ದಶಕ ಮುಗಿಯುತ್ತ ಬಂದಾಗ ಅದೇ ಹಳ್ಳಿಯ ಇನ್ನೊಂದು ಕೂಸನ್ನು ನೋಡಲು ಹೋಗಿದ್ದೆ. ಸಂಜೆ ಬಿಸಿಲು, ಕುರಿ ಮನೆಗೆ ಬಂದಿದ್ದ ಹೊತ್ತು. ಇಲ್ಲಿಯವರೆಗೆ ಬಂದವನು ಅಜ್ಜಿಯನ್ನೂ ಮಾತಾಡಿಸಿ ಹೋಗೋಣವೆಂದು ರೊಪ್ಪದ ಹತ್ತಿರ ಹೋದೆ. ನಾವು ಮಾಡಿಸಿಕೊಟ್ಟಿದ್ದ ಅಗುಳಿ ಇನ್ನೂ ಗಟ್ಟಿಮುಟ್ಟಾಗಿತ್ತು. ಅದನ್ನು ಸರಿಸಿ, ಏನೋ ಯೋಚಿಸುತ್ತ ಒಳಗೆ ಕಾಲಿಟ್ಟೆ.

"ಏಯ್ ಸಾಮಿ! ಮೆಟ್ಟು! ಮೆಟ್ಟು ಬುಡು!"

ಅಜ್ಜಿಯ ದನಿಯಲ್ಲ. ರೊಪ್ಪದ ಆಚೆ ತುದಿಯಿಂದ ಒಂದು ಹುಡುಗಿ ಕೈಯಲ್ಲಿದ್ದ ಸೊಪ್ಪಿನ ಕಟ್ಟು ಬಿಸಾಡಿ ನನ್ನ ಕಡೆ ಓಡಿ ಬರುತ್ತಿದ್ದಳು. ಕುರಿಗಳು ಎರಡು ಬದಿಗೂ ಚೆದುರಿ ದಾರಿ ಬಿಟ್ಟವು. ಒಂದು ಮರಿಯನ್ನು ಹಾರಿ ದಾಟಿದಳು. ನನಗೆ ಅವಳ ಮುಖ ಕಾಣಲಿಲ್ಲ, ನನ್ನ ಕಸುಬಿನವರಿಗೆ ಮುಖ ಆಮೇಲೆ. ಬರಿಗಾಲು, ಧೂಳೆಬ್ಬಿಸಿಕೊಂಡು, ಎಡ ಬಲ, ಎಡ ಬಲ. ನನ್ನ ಮುಂದೆ ಬಂದು ಸೊಂಟದ ಮೇಲೆ ಕೈಯಿಟ್ಟು ನಿಂತಳು. ಅವಳಿಗೆ ನನ್ನ ಗುರುತು ಸಿಗಲಿಲ್ಲ.

"ಇಲ್ಲಿ ಮೆಟ್ಟು ಆಕ್ಕೊಂಡು ಬರ್ಬಾರ್ದು. ಗೊತ್ತಿಲ್ವಾ ನಿಂಗೆ?"

"ಗೊತ್ತಿತ್ತು, ಮರೆತೆ," ಎಂದು ಹೇಳಿ ಅಲ್ಲೇ ಬಾಗಿಲ ಬಳಿ ಕುಕ್ಕರಿಸಿದೆ. ಅವಳು ಓಡಿ ಬಂದ ದಾರಿ ಹಿಕ್ಕೆ ಪುಡಿಯ ಮೇಲೆ ನನ್ನ ಕಣ್ಣೆದುರಿಗೇ ಬಿದ್ದಿತ್ತು. ಎಡಪಾದದ ಗುರುತು ಬಲದ್ದಕ್ಕಿಂತ ಒಂದಿಷ್ಟು ಚಿಕ್ಕದು, ಅದು ಹಾಗೆಯೇ ಇರುತ್ತದೆ. ಆದರೆ ಪ್ರತಿ ಹೆಜ್ಜೆಯಲ್ಲೂ ಹಿಂದೆ ದುಂಡಗೆ, ಆಳವಾಗಿ, ಹಿಮ್ಮಡಿ ಒತ್ತಿತ್ತು.

"ಸೀಕ್ರ ಬುಡು ಸಾಮಿ, ಬಾಗ್ಲು ತೆಗ್ದೈತೆ, ಕುರಿ ಆಚೆ ಓಗ್ತಾವೆ," ಎಂದು ಅವಳು ಅವಸರ ಮಾಡಿದಳು.

ಬಿಡುತ್ತೇನೆ, ಬಿಡುತ್ತೇನೆ ಎಂದೆ. ಲೇಸಿನ ಗಂಟು ಎಲ್ಲಿದೆಯೆಂದು ನನಗೆ ಕಣ್ಣು ಕಾಣುತ್ತಿರಲಿಲ್ಲ.